ಕೆಳಗಿನ ಸಾಲಿನ ಹರಳು

ಮೂರನೆಯದೂ ಹೋಯಿತು.

ಗಾಳಣ್ಣ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಹಾಗೇ ಕುಳಿತಿದ್ದ. ಕೂದಲಿಗಿಂತ ಸಣ್ಣ ಎಳೆಯ ಕುಣಿಕೆ ಹನಿಯ ಅಂಚಿನಲ್ಲಿ ಇನ್ನೂ ನಡುಗುತ್ತಿತ್ತು. ಸಿಕ್ಕೇಬಿಟ್ಟಿತು ಅಂದುಕೊಂಡಿದ್ದ ಹರಳು ಗಾಜಿಗೆ ಉಜ್ಜಿಕೊಂಡು ಎರಡು ಹೋಳಾಗಿತ್ತು. ಮೊದಲನೆಯದು ಜಾರಿ ಹನಿಯ ತಳದಲ್ಲಿ ಪುಡಿಯಾಗಿತ್ತು. ಎರಡನೆಯದು ಕುಣಿಕೆಗೇನೋ ಬಂದಿತ್ತು, ಆದರೆ ಪಕ್ಕದ ಪಾತ್ರೆಯಲ್ಲಿ ಹೊಗೆಯಾಡುತ್ತಿದ್ದ ದ್ರವ ಸಾರಜನಕಕ್ಕೆ ಅದ್ದುವಷ್ಟರಲ್ಲಿ ಎಲ್ಲಿ ಉದುರಿತೋ ದೇವರೇ ಬಲ್ಲ. ಗೋಡೆಯ ಗಡಿಯಾರ ಮೂರೂ ಹತ್ತು ತೋರಿಸುತ್ತಿತ್ತು. ನಾಲ್ಕು ಗಂಟೆಗೆ ಕೊರಿಯರ್ ವ್ಯಾನು ಬರುತ್ತದೆ.

ಅವನ ನಿಜವಾದ ಹೆಸರು ಏನೆಂದು ಪ್ರಯೋಗಾಲಯದ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಹರಳು ಹಿಡಿಯುವುದೇ ಕೆಲಸವಾದ್ದರಿಂದ ಯಾರೋ ತಮಾಷೆಗೆ ಗಾಳಣ್ಣ ಅಂದರು, ಅದೇ ಅಂಟಿಕೊಂಡಿತು. ಕೆಲಸ ಹೇಳುವುದಕ್ಕೇನೋ ಸುಲಭ. ಮನುಷ್ಯನ ಮೈಯಲ್ಲಿರುವ ಯಾವುದೋ ಒಂದು ಕಿಣ್ವವನ್ನು ಶುದ್ಧ ಮಾಡಿ, ಪ್ಲಾಸ್ಟಿಕ್ ಟ್ರೇಯ ಗುಳಿಗಳಲ್ಲಿ ಹನಿಹನಿಯಾಗಿ ಇಟ್ಟರೆ, ಅದೃಷ್ಟವಿದ್ದಾಗ ವಾರಗಟ್ಟಲೆ ಕಾದ ಮೇಲೆ ಹನಿಯೊಳಗೆ ಹರಳು ಕಟ್ಟುತ್ತದೆ. ಉಪ್ಪಿನ ಕಾಳಿನಲ್ಲಿ ಹತ್ತನೇ ಒಂದು ಪಾಲು. ಅದನ್ನು ಕುಣಿಕೆಯಲ್ಲಿ ಎತ್ತಿ, ಸಾರಜನಕದಲ್ಲಿ ಅದ್ದಿ ಹೆಪ್ಪುಗಟ್ಟಿಸಿ, ದೂರದ ಊರಿನ ದೊಡ್ಡ ಯಂತ್ರಕ್ಕೆ ಕಳಿಸಬೇಕು. ಅಲ್ಲಿ ಎಕ್ಸ್-ರೇ ಹಾಯಿಸಿದಾಗ ಬೀಳುವ ಸಾವಿರಾರು ಚುಕ್ಕಿಗಳಿಂದ ಕಂಪ್ಯೂಟರು ಕಿಣ್ವದ ಒಂದೊಂದು ಪರಮಾಣು ಎಲ್ಲಿ ಕೂತಿದೆ ಎಂದು ನಕ್ಷೆ ಬರೆಯುತ್ತದೆ. ಸುತ್ತ ಇರುವವರೆಲ್ಲ ಡಾಕ್ಟರೇಟ್ ಆದವರು, ಯಂತ್ರವೋ ಒಂದು ಮೈದಾನದಷ್ಟು ದೊಡ್ಡದು. ಆದರೆ ಹನಿಯಿಂದ ಹರಳನ್ನು ಎತ್ತುವುದು ಮಾತ್ರ ಒಬ್ಬ ಮನುಷ್ಯನ ಹೆಬ್ಬೆರಳು ಮತ್ತು ತೋರುಬೆರಳು.

ಆ ಕೈಗುಣವನ್ನು ಗಾಳಣ್ಣ ಯಾರಿಗೂ ಕಲಿಸಿರಲಿಲ್ಲ. ಕಲಿಯಲು ಬಂದವರು ನಾಲ್ಕೈದು ಜನ ಇದ್ದರು. "ನೋಡ್ತಾ ಇರಿ, ತಾನಾಗೇ ಬರುತ್ತೆ" ಅನ್ನುತ್ತಿದ್ದ, ಅನ್ನುತ್ತಲೇ ಬೆನ್ನು ಅಡ್ಡ ತಿರುಗಿಸಿ ಕೂರುತ್ತಿದ್ದ. ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂದು ಹಿರಿಯರು ಹೇಳಿದ್ದಾರೆ, ನಿಜ. ಕೊಟ್ಟವನ ಕೆಲಸ ಉಳಿಯುತ್ತದೆ ಎಂದು ಅವರೂ ಹೇಳಿಲ್ಲ. ಹತ್ತನೇ ತರಗತಿ ಓದಿದವನು ಅಷ್ಟೊಂದು ಓದಿದವರ ನಡುವೆ ತಲೆಯೆತ್ತಿ ಓಡಾಡಬೇಕಾದರೆ, ಅವನಿಲ್ಲದೆ ನಡೆಯದು ಅನ್ನುವಂಥ ಒಂದಾದರೂ ಕೆಲಸ ಇರಬೇಕಲ್ಲ.

ಹೀಗೆ ತಾನೇ ಕಟ್ಟಿಕೊಂಡ ಕೋಟೆಯೊಳಗೆ ಈಗ ಅವನ ಕೈ ನಡುಗುತ್ತಿತ್ತು. ಶುರುವಾಗಿ ಎಂಟು ತಿಂಗಳಾಗಿತ್ತು. ಮೊದಲು ಕಂಡುಹಿಡಿದವಳು ಹೆಂಡತಿ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮದುವೆಯಾದಂದಿನಿಂದ ಸೂಜಿಗೆ ದಾರ ಪೋಣಿಸಿ ಕೊಡುವುದು ಗಂಡನ ಪಾಲಿನ ಕೆಲಸ. ಒಂದು ಬೆಳಗ್ಗೆ ಅವನು ಐದು ಸಲ ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಐದು ಸಲವೂ ತಪ್ಪಿ, "ನಿನ್ನ ಸೂಜಿಗೆ ಕಣ್ಣೇ ಇಲ್ಲ" ಎಂದು ಸಿಡುಕಿದ.

"ಸೂಜಿಗೆ ಕಣ್ಣಿದೆ ರೀ. ನಿಮ್ಮ ಕೈ ಯಾಕೆ ಹಾಗೆ ಆಡ್ತಿದೆ? ಡಾಕ್ಟ್ರಿಗೆ ತೋರಿಸೋಣ ನಡೀರಿ."

"ತೋರಿಸಿದ್ರೆ ಅವರು ಚೀಟಿ ಬರೀತಾರೆ. ಚೀಟಿ ಆಫೀಸಿಗೆ ಹೋಗುತ್ತೆ. ಆಮೇಲೆ?"

"ಆಮೇಲೆ ಏನು, ಕೆಲಸ ಹೋದ್ರೆ ನನ್ನ ಜೊತೆ ಕೂತು ಗುಂಡಿ ಹಾಕಿ."

"ಗುಂಡಿ ಹಾಕೋಕೂ ಸೂಜಿಗೆ ದಾರ ಪೋಣಿಸ್ಬೇಕಲ್ಲೇ" ಅಂದ ಗಾಳಣ್ಣ. ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಅವಳೇ ಸೂಜಿಗೆ ದಾರ ಪೋಣಿಸಿಕೊಂಡಳು.

ಈ ಸಲದ ಕಿಣ್ವ ಮೊಣಕಾಲಿನ ಕೀಲಿನಲ್ಲಿ ಮೂಳೆಗೂ ಮೂಳೆಗೂ ನಡುವೆ ಇರುವ ಮೆತ್ತೆಯನ್ನು ತಿಂದುಹಾಕುವಂಥದ್ದು. ಅದರ ಮೈಯಲ್ಲಿ ಒಂದು ಗೂಡಿದೆ. ಮೆತ್ತೆಯ ಎಳೆ ಆ ಗೂಡಿನೊಳಗೆ ಸಿಕ್ಕಿತೋ, ಕತ್ತರಿಸಿಹೋಗುತ್ತದೆ. ಅಲ್ಲಿ ಹೋಗಿ ಕೂತು ಕಿಣ್ವದ ಬಾಯಿ ಕಟ್ಟುವ ಮದ್ದೊಂದನ್ನು ಮೇಲಿನ ಮಹಡಿಯ ರಸಾಯನಶಾಸ್ತ್ರದ ಮೇಡಂ ಮೂರು ವರ್ಷ ಬೆವರು ಸುರಿಸಿ ತಯಾರಿಸಿದ್ದಳು. ನಲವತ್ತರೊಳಗೆ ಇರಬಹುದಾದ ಹೆಂಗಸು. ಇವನನ್ನು ಅಣ್ಣ ಅನ್ನುತ್ತಿದ್ದಳು, ಇವನು ತಂಗ್ಯಮ್ಮ ಅನ್ನುತ್ತಿದ್ದ. ನಲವತ್ತು ಮದ್ದು ಕೆಲಸಕ್ಕೆ ಬಾರದೆ ಹೋಗಿ, ನಲವತ್ತೊಂದನೆಯದು ಗಾಜಿನ ಕೊಳವೆಯಲ್ಲಿ ಕಿಣ್ವವನ್ನು ತಡೆದು ನಿಲ್ಲಿಸಿತ್ತು. ಆದರೆ ಗೂಡಿನಲ್ಲಿ ಅದು ಹೇಗೆ ಕೂತಿದೆ, ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ಕಂಡರೆ ತಾನೆ ತಿದ್ದಿ ತೀಡಿ ಔಷಧಿ ಮಾಡುವುದು? ಅದಕ್ಕೇ ಈ ಟ್ರೇ. ಮೇಲಿನ ಸಾಲಿನ ಹನಿಗಳಿಗೆ ಮದ್ದು ಬೆರೆಸಿತ್ತು. ಮದ್ದು ಹೀರಿದ ಹರಳುಗಳಲ್ಲಿ ಬಹಳಷ್ಟು ಬಿರುಕುಬಿಟ್ಟು, ಗಟ್ಟಿಯಾಗಿ ಉಳಿದದ್ದು ಮೂರೇ ಮೂರು. ಕೆಳಗಿನ ಸಾಲಿಗೆ ಮದ್ದಿಲ್ಲ, ಮದ್ದು ಕರಗಿಸುವ ದ್ರಾವಣ ಮಾತ್ರ. ಅದು ಹೋಲಿಸಿ ನೋಡುವುದಕ್ಕೆ ಇಟ್ಟದ್ದು. ಅಲ್ಲಿ ಮಾತ್ರ ಹರಳುಗಳು ದಷ್ಟಪುಷ್ಟವಾಗಿ, ಒಂದಕ್ಕಿಂತ ಒಂದು ಚೆಂದವಾಗಿ ಕೂತಿದ್ದವು.

ಮೂರೂ ಇಪ್ಪತ್ತೈದಾಯಿತು. ದೂರದ ಊರಿನ ಯಂತ್ರದಲ್ಲಿ ಒಂದು ದಿನದ ಪಾಳಿ ಸಿಗಲು ಏಳು ತಿಂಗಳು ಕಾದಿದ್ದರು. ಕಳಿಸಲು ಹರಳಿಲ್ಲ ಅಂದರೆ ಯಾಕಿಲ್ಲ ಅನ್ನುತ್ತಾರೆ, ಯಾಕಿಲ್ಲ ಅಂದರೆ ಕೈ ಚಾಚಿ ತೋರಿಸಬೇಕು. ಗಾಳಣ್ಣ ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಬಿಗಿಹಿಡಿದು, ಕೆಳಗಿನ ಸಾಲಿನ ಎಲ್ಲಕ್ಕಿಂತ ದಪ್ಪ ಹರಳಿಗೆ ಕುಣಿಕೆ ಹಾಕಿದ. ಎರಡನೇ ಪ್ರಯತ್ನಕ್ಕೆ ಬಂತು. ಅದ್ದಿ, ಪುಟ್ಟ ಕೊಳವೆಯಲ್ಲಿಟ್ಟು, ಮೇಲೆ 'ನಲವತ್ತೊಂದು' ಎಂಬ ಚೀಟಿ ಅಂಟಿಸಿದ. ರಿಜಿಸ್ಟರಿನಲ್ಲಿ 'ಮೇಲಿನ ಸಾಲು, ಮೂರನೇ ಹನಿ' ಎಂದು ಬರೆದು ಸಹಿ ಹಾಕಿದ.

ಅವನ ಲೆಕ್ಕಾಚಾರ ಸುಳ್ಳನದ್ದಾದರೂ ದಡ್ಡನದ್ದಲ್ಲ. ಹತ್ತು ಹರಳು ಕಳಿಸಿದರೆ ಒಂಬತ್ತರಲ್ಲಿ ಗೂಡು ಖಾಲಿಯೇ ಬರುತ್ತದೆ. 'ಈ ಸಲವೂ ಮದ್ದು ಒಳಗೆ ಹೋಗಿಲ್ಲ' ಎಂದು ಎಲ್ಲರೂ ನಿಟ್ಟುಸಿರುಬಿಟ್ಟು, ಇನ್ನೊಂದು ಟ್ರೇ ಇಟ್ಟು, ಇನ್ನೊಂದು ಪಾಳಿಗೆ ಅರ್ಜಿ ಹಾಕುತ್ತಾರೆ. ಅಷ್ಟರಲ್ಲಿ ಕೈ ಒಂದು ಹದಕ್ಕೆ ಬಂದರೂ ಬರಬಹುದು. ಯಾರಿಗೂ ನಷ್ಟವಿಲ್ಲ. ಹೀಗೆ ಗಾಳಣ್ಣ ನಂಬಿ ಕೂತದ್ದು ಸೋಲನ್ನು. ಆ ಸೋಲೂ ಅವನಿಗೆ ಕೈಕೊಟ್ಟಿತು.

ಹನ್ನೆರಡನೆಯ ದಿನ ಪ್ರಯೋಗಾಲಯದ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಅನ್ನುವ ಮನುಷ್ಯ, ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಅವನ ಮೇಜಿಗೆ ಓಡಿಬಂದರು.

"ಗಾಳಣ್ಣಾ, ಕೂತಿದೆ ಕಣ್ರೀ! ಸಿಂಹಾಸನದ ಮೇಲೆ ಕೂತ ಹಾಗೆ ಕೂತಿದೆ!"

ತೆರೆಯ ಮೇಲೆ ನೀಲಿ ಬಲೆ. ನಕ್ಷೆ ಕಾಣುವುದೇ ಹಾಗೆ, ಎಲ್ಲೆಲ್ಲಿ ಪದಾರ್ಥವಿದೆಯೋ ಅಲ್ಲೆಲ್ಲ ಅದರ ಸುತ್ತ ನೀಲಿ ಬಲೆ ಹೆಣೆದಂತೆ. ಕಿಣ್ವದ ಗೂಡಿನೊಳಗೂ ಬಲೆಯಿತ್ತು, ಬಲೆಯೊಳಗೆ ಹಳದಿ ಕಡ್ಡಿಗಳಲ್ಲಿ ಬರೆದ ನಲವತ್ತೊಂದನೇ ಮದ್ದು ತಲೆ ಬಾಲ ಸಮೇತ ಮಲಗಿತ್ತು. ಆ ಹರಳು ಈ ಮದ್ದಿನ ಮುಖವನ್ನೇ ನೋಡಿಲ್ಲ. ಅದು ಅವನಿಗೊಬ್ಬನಿಗೇ ಗೊತ್ತು.

ಗೂಡಿನೊಳಗೆ ಏನೂ ಇರುವುದಿಲ್ಲ ಎಂದಲ್ಲ. ನೀರಿರುತ್ತದೆ, ದ್ರಾವಣದ ಚೂರುಪಾರು ಇರುತ್ತದೆ. ನಕ್ಷೆಯಲ್ಲಿ ಅವು ಮಬ್ಬು ಮಬ್ಬು ಮುದ್ದೆಯಾಗಿ ಕಾಣುತ್ತವೆ. ದೊಡ್ಡವರು ಆ ಮುದ್ದೆಯೊಳಗೆ ಮದ್ದಿನ ಚಿತ್ರವನ್ನು ತಂದು ಕೂರಿಸಿದ್ದರು. ಒಮ್ಮೆ ಕೂರಿಸಿದ ಮೇಲೆ ಕಂಪ್ಯೂಟರು ಮುಂದಿನ ನಕ್ಷೆಯನ್ನು ಅರ್ಧ ಚುಕ್ಕಿಗಳನ್ನು ನೋಡಿ ಬರೆಯುತ್ತದೆ, ಅರ್ಧ ನಾವು ಹೇಳಿಕೊಟ್ಟದ್ದನ್ನು ನಂಬಿ ಬರೆಯುತ್ತದೆ. ಇದೆ ಅಂದರೆ ಅದೂ ಇದೆ ಅನ್ನುತ್ತದೆ. ಹತ್ತು ಸಲ ತಿದ್ದುವಷ್ಟರಲ್ಲಿ ಬಲೆ ತಾನಾಗಿ ಮದ್ದಿನ ಆಕಾರಕ್ಕೆ ತಿರುಗುತ್ತದೆ. ಇದು ಈ ಕಸುಬಿನ ಹಳೇ ಕಾಯಿಲೆ. ಹೊಸಬರಿಗೆ ಇದರ ಬಗ್ಗೆ ವರ್ಷಕ್ಕೊಂದು ಪಾಠ ಮಾಡುತ್ತಿದ್ದವರು ಸ್ವತಃ ದೊಡ್ಡವರೇ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವಾಗ ಆ ಕಣ್ಣು ಪಾಠ ಹೇಳುವವನದೋ ಕೇಳುವವನದೋ ಎಂದು ಯಾರು ವಿಚಾರಿಸುತ್ತಾರೆ?

ತಂಗ್ಯಮ್ಮ ಮೆಟ್ಟಿಲು ಇಳಿದು ಓಡಿ ಬಂದಳು. ಕಣ್ಣು ತುಂಬಿಕೊಂಡಿತ್ತು.

"ಅಣ್ಣ, ನಿಮ್ಮ ಕೈಗೆ ಚಿನ್ನದ ಕಡಗ ತೊಡಿಸ್ಬೇಕು" ಎಂದು ಅವನ ಎರಡೂ ಕೈ ಹಿಡಿಯಲು ಬಂದಳು. ಗಾಳಣ್ಣ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ.

"ನಂದೇನಿದೆ ತಂಗ್ಯಮ್ಮ, ಎಲ್ಲಾ ನಿಮ್ಮ ಶ್ರಮ" ಅಂದ. ಬಾಯಿಂದ ಬಂದದ್ದು ಅಷ್ಟೇ. ಆ ಗಳಿಗೆಯಲ್ಲಿ ಹೇಳಿದ್ದರೆ ಒಂದು ಟ್ರೇ ನಷ್ಟ, ನಾಲ್ಕು ಬೈಗುಳ, ಮುಗಿದುಹೋಗುತ್ತಿತ್ತು. ಹೇಳಲಿಲ್ಲ.

ಆಮೇಲೆ ದಿನಕ್ಕೊಂದು ಬಾಗಿಲು ಮುಚ್ಚುತ್ತ ಹೋಯಿತು. ಚಿತ್ರ ಎಲ್ಲ ದೇಶದವರೂ ನೋಡುವ ಭಂಡಾರಕ್ಕೆ ಸೇರಿತು. ಲೇಖನ ಪತ್ರಿಕೆಗೆ ಹೋಗಿ, ಮೂವರು ಪರಿಶೀಲಕರು ಒಪ್ಪಿ, ಅಚ್ಚಾಯಿತು. ಇಪ್ಪತ್ತೆಂಟು ವರ್ಷ ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಿದ್ದ ಗಾಳಣ್ಣನ ಹೆಸರನ್ನು ಈ ಸಲ ದೊಡ್ಡವರು ಉದಾರವಾಗಿ ಮೇಲಕ್ಕೆ, ಬರೆದವರ ಸಾಲಿಗೇ ಏರಿಸಿದ್ದರು. ಹೆಂಡತಿ ಆ ಪುಟವನ್ನು ಹೊಲಿಗೆ ಮೆಷಿನ್ನಿನ ಮೇಲಿನ ಗೋಡೆಗೆ ಅಂಟಿಸಿ, ಬಟ್ಟೆ ಕೊಡಲು ಬಂದವರಿಗೆಲ್ಲ "ನಮ್ಮನೆಯವರದ್ದು" ಎಂದು ತೋರಿಸಿದಳು. ಅವಳಿಗೂ ಅವನು ಹೇಳಿರಲಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ತಂಗ್ಯಮ್ಮನ ಎದುರು ಕೂರುವುದೇ ಎಲ್ಲಕ್ಕಿಂತ ದೊಡ್ಡ ಶಿಕ್ಷೆಯಾಯಿತು. ದಿನಾ ಸಂಜೆ ನಾಲ್ಕಕ್ಕೆ ಅವಳು ಎರಡು ಲೋಟ ಟೀ ಹಿಡಿದು ಕೆಳಗೆ ಬರುತ್ತಿದ್ದಳು. ಚಿತ್ರದಲ್ಲಿ ಮದ್ದಿನ ಬಾಲದ ಪಕ್ಕ ಒಂದು ಸಂದು ಖಾಲಿ ಕಾಣುತ್ತಿತ್ತು. ಆ ಸಂದನ್ನು ತುಂಬುವಂತೆ ಮದ್ದಿಗೊಂದು ತೋಳು ಜೋಡಿಸಿದರೆ ಇನ್ನೂ ಬಿಗಿಯಾಗಿ ಹಿಡಿಯುತ್ತದೆ ಎಂಬುದು ಅವಳ ಯೋಚನೆ. ತೋಳು ಜೋಡಿಸಿದಳು. ಹಿಡಿಯಲಿಲ್ಲ. ಸಣ್ಣ ತೋಳು ಜೋಡಿಸಿದಳು, ಬಾಗಿದ ತೋಳು ಜೋಡಿಸಿದಳು. ಹಳೆಯ ನಲವತ್ತೊಂದಕ್ಕಿದ್ದ ಹಿಡಿತವೂ ಹೋಯಿತು.

"ಚಿತ್ರದಲ್ಲಿ ಎಷ್ಟು ಸ್ಪಷ್ಟವಾಗಿದೆ ಅಣ್ಣ. ಸಂದು ಇದೆ, ತೋಳು ಇದೆ, ಹೋಗಿ ಕೂತ್ಕೊಳ್ಳೋಕೆ ಏನು ಕಷ್ಟ? ನನ್ನ ಕೈಯಲ್ಲೇ ಏನೋ ದೋಷ ಇರ್ಬೇಕು."

"ನಿಮ್ಮ ಕೈಯಲ್ಲಿ ಯಾವ ದೋಷಾನೂ ಇಲ್ಲ ತಂಗ್ಯಮ್ಮ."

"ಮತ್ತೆ? ಬರೋ ವರ್ಷ ನನ್ನ ಒಪ್ಪಂದ ಮುಗಿಯುತ್ತೆ. ಅಷ್ಟರಲ್ಲಿ ಏನೂ ಆಗ್ಲಿಲ್ಲ ಅಂದ್ರೆ ಇನ್ಯಾರು ಕೆಲಸ ಕೊಡ್ತಾರೆ ನಂಗೆ?"

ಗಾಳಣ್ಣ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಚಳಿಗೆ ಹಾಗೆ ಹಿಡಿಯುತ್ತಾನೆ ಎಂದು ಅವಳು ಅಂದುಕೊಂಡಿದ್ದಳು. ಮೂರು ಸಲ ಮಾತು ಗಂಟಲಿನವರೆಗೆ ಬಂದಿತ್ತು. ಒಂದು ಸಲ ಫೋನು ಬಂತು, ಒಂದು ಸಲ ಯಾರೋ ಒಳಗೆ ಬಂದರು, ಮೂರನೇ ಸಲ ಯಾರೂ ಬರಲಿಲ್ಲ, ಏನೂ ಬರಲಿಲ್ಲ, ಅವನೇ ಮಾತನ್ನು ಟೀ ಜೊತೆ ಕುಡಿದುಬಿಟ್ಟ. ಇದಕ್ಕೆ ಹೇಡಿತನ ಅನ್ನದೆ ಬೇರೆ ಹೆಸರಿಲ್ಲ, ಅವನೂ ಬೇರೆ ಹೆಸರಿಟ್ಟುಕೊಂಡಿರಲಿಲ್ಲ. ಅಷ್ಟು ದಿನ ಹರಳು ಹಿಡಿಯುವ ಕೆಲಸ ಬಂದಾಗಲೆಲ್ಲ ದಪ್ಪ ದಪ್ಪ ಹರಳುಗಳನ್ನೇ ಆರಿಸಿ, ಬಾಗಿಲು ಹಾಕಿಕೊಂಡು, ಒಂದು ಹಿಡಿಯುವಲ್ಲಿ ನಾಲ್ಕು ಹಾಳುಮಾಡಿ ಹೇಗೋ ದೂಡುತ್ತಿದ್ದ.

ಒಂಬತ್ತನೇ ತಿಂಗಳು ಮೈಕ್ರೋಸ್ಕೋಪಿಗೆ ಹೊಸ ಕ್ಯಾಮೆರಾ ಬಂತು. ಕಣ್ಣಿಟ್ಟು ನೋಡುವ ಕಷ್ಟವಿಲ್ಲ, ಹನಿಯೊಳಗಿನದೆಲ್ಲ ಗೋಡೆಯ ಮೇಲಿನ ದೊಡ್ಡ ತೆರೆಯಲ್ಲಿ ಕಾಣುತ್ತದೆ. ಅದು ಬಂದ ವಾರವೇ ಆಡಳಿತ ಮಂಡಳಿಯ ಎಂಟು ಜನ ಪ್ರಯೋಗಾಲಯ ನೋಡಲು ಬಂದರು. ದೊಡ್ಡವರು ಅವರನ್ನು ನೇರವಾಗಿ ಗಾಳಣ್ಣನ ಕೋಣೆಗೆ ಕರೆತಂದರು. ಹಿಂದೆ ತಂಗ್ಯಮ್ಮ.

"ಆ ಹರಳು ಹಿಡಿದ ಕೈ ಇದೇ" ಎಂದು ದೊಡ್ಡವರು ಪರಿಚಯಿಸಿದರು. "ಗಾಳಣ್ಣ, ಒಂದು ಹಿಡಿದು ತೋರಿಸಿಬಿಡಿ."

"ಇವತ್ತು ಮಣಿಕಟ್ಟು ಉಳುಕಿದೆ ಸಾರ್."

"ಎರಡು ನಿಮಿಷದ ಕೆಲಸಕ್ಕೆ ಯಾಕ್ರೀ ಇಷ್ಟು ಬಿಗುಮಾನ? ಇವರೆಲ್ಲ ಅದಕ್ಕೇ ಬಂದಿರೋದು."

ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಮುಂದೆ ಮೇಜು, ಹಿಂದೆ ಎಂಟು ಜನ, ಬಾಗಿಲಲ್ಲಿ ದೊಡ್ಡವರು. ಗಾಳಣ್ಣ ಕುಳಿತ. ಕುಣಿಕೆಯ ಕಡ್ಡಿ ಹಿಡಿದು ಹನಿಯ ಮೇಲೆ ತಂದ. ಗೋಡೆಯ ಮೇಲೆ ಹನಿ ಒಂದು ಕೊಳದಷ್ಟು ದೊಡ್ಡದಾಗಿ ಹರಡಿಕೊಂಡಿತ್ತು. ಕುಣಿಕೆ ಅದರೊಳಗೆ ಬಂತು. ಬಂದದ್ದೇ ತೆರೆಯ ಆ ಅಂಚಿನಿಂದ ಈ ಅಂಚಿಗೆ ಹೊಯ್ದಾಡತೊಡಗಿತು. ಹರಳಿನ ಮೇಲೆ, ಕೆಳಗೆ, ಪಕ್ಕಕ್ಕೆ ಬಡಿಯಿತು, ನೀರು ಕಲಕಿತು. ಅವನು ಬಿಗಿ ಹಿಡಿದಷ್ಟೂ ಹೆಚ್ಚಾಯಿತು. ಯಾರೋ ಕೆಮ್ಮಿದರು. ಹರಳು ಮೂರು ಚೂರಾಗಿ ತೆರೆಯ ಮೂರು ಮೂಲೆಗೆ ಹೋದದ್ದನ್ನು ಎಲ್ಲರೂ ನೋಡಿದರು.

"ಜನ ನೋಡಿ ನಮ್ಮ ಗಾಳಣ್ಣನಿಗೆ ನಾಚಿಕೆ" ಎಂದು ದೊಡ್ಡವರು ನಗಾಡಿ ಅವರನ್ನು ಆಚೆ ಕರೆದುಕೊಂಡು ಹೋದರು. ತಂಗ್ಯಮ್ಮ ಮಾತ್ರ ಬಾಗಿಲ ಬಳಿ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ದೊಡ್ಡವರ ಕೋಣೆಗೆ ಕರೆ ಬಂತು. ತಂಗ್ಯಮ್ಮನೂ ಅಲ್ಲಿದ್ದಳು. ದೊಡ್ಡವರು ಕುರ್ಚಿ ತೋರಿಸಿ, "ಎಷ್ಟು ದಿನದಿಂದ ಹೀಗೆ?" ಅಂದರು. ಸ್ವರದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಇನ್ನು ಕಳೆದುಕೊಳ್ಳುವುದಕ್ಕೆ ಏನಿದೆ ಅನ್ನಿಸಿತು ಗಾಳಣ್ಣನಿಗೆ. ಮುಚ್ಚಿಟ್ಟದ್ದು ಗೋಡೆಯ ಮೇಲೆ ಬಿದ್ದಾಗಿತ್ತು.

"ಆವತ್ತೂ ಹೀಗೇ ಇತ್ತು ಸಾರ್. ನಲವತ್ತೊಂದು ಹಿಡಿದ ದಿನ. ಮೇಲಿನ ಸಾಲಿನ ಮೂರೂ ಹೋದ್ವು. ನಾನು ಕಳ್ಸಿದ್ದು ಕೆಳಗಿನ ಸಾಲಿನದು. ಅದಕ್ಕೆ ಮದ್ದು ಹಾಕೇ ಇರ್ಲಿಲ್ಲ."

ದೊಡ್ಡವರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು.

"ಮದ್ದು ಹಾಕದ ಹರಳಲ್ಲಿ ಮದ್ದು ಎಲ್ಲಿಂದ ಬಂತು ಗಾಳಣ್ಣ?"

"ಬಂದಿಲ್ಲ ಸಾರ್."

"ನಾನು ಕಣ್ಣಾರೆ ನೋಡಿದ್ದೀನಿ. ಇವರು ನೋಡಿದ್ದಾರೆ. ಪರಿಶೀಲಕರು ಮೂರು ಜನ ನೋಡಿದ್ದಾರೆ. ನೀವೊಬ್ಬರು ಇಲ್ಲ ಅಂತೀರಿ." ಎದ್ದು ಹೋಗಿ ಕಪಾಟಿನಿಂದ ರಿಜಿಸ್ಟರು ತಂದು, ಆ ದಿನದ ಪುಟ ತೆರೆದರು. "ಇಲ್ಲಿ ನೋಡಿ, ಮೇಲಿನ ಸಾಲು, ಮೂರನೇ ಹನಿ. ನಿಮ್ಮದೇ ಅಕ್ಷರ, ನಿಮ್ಮದೇ ಸಹಿ."

"ಸುಳ್ಳು ಬರೆದೆ ಸಾರ್."

"ಆಗ ಬರೆದದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ? ನಾನು ಯಾವುದನ್ನ ನಂಬಲಿ ಹೇಳಿ." ಅವರು ಅವನ ಭುಜದ ಮೇಲೆ ಕೈಯಿಟ್ಟರು. "ಕೈ ನಡುಗೋದು ಅವಮಾನ ಅಲ್ಲ. ಆದ್ರೆ ಅದೇ ಕೊರಗಿನಲ್ಲಿ ಏನೇನೋ ಕಲ್ಪನೆ ಮಾಡ್ಕೋಬೇಡಿ. ನಾಳೆಯಿಂದ ಉಗ್ರಾಣ ನೋಡ್ಕೊಳ್ಳಿ. ನಿವೃತ್ತಿ ತನಕ ಸಂಬಳ ಏನೂ ಬದಲಾಗಲ್ಲ, ನಾನು ನೋಡ್ಕೋತೀನಿ. ಈ ಮಾತು ಮಾತ್ರ ಈ ಕೋಣೇಲೇ ಇರ್ಲಿ."

ಕಂಪ್ಯೂಟರು ಅವರ ಮೊಣಕೈ ಪಕ್ಕದಲ್ಲೇ ಇತ್ತು. ಚಿತ್ರ ತೆರೆದು ಪರೀಕ್ಷಿಸಲು ಅರ್ಧ ಗಂಟೆ ಸಾಕು. ದೊಡ್ಡವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಕದ್ದೆ ಎಂದು ಒಪ್ಪಿಕೊಳ್ಳಲು ಬಂದ ಕಳ್ಳನಿಗೆ ಪೊಲೀಸರು ನೀರು ಕೊಟ್ಟು ಮನೆಗೆ ಕಳಿಸಿದ ಹಾಗಾಯಿತು ಗಾಳಣ್ಣನಿಗೆ. ಒಂಬತ್ತು ತಿಂಗಳು ಹೇಳಲಾರದೆ ಸತ್ತ ಮಾತನ್ನು ಹೇಳಿದ್ದಾಯಿತು, ಕೇಳುವವರೇ ಇಲ್ಲ. ತಂಗ್ಯಮ್ಮ ಎದ್ದು ಹೋದಳು.

ನಾಲ್ಕು ಗಂಟೆಗೆ ಟೀ ಬರಲಿಲ್ಲ. ನಾಲ್ಕೂವರೆಗೆ ಅವಳೇ ಬಂದಳು, ಬರಿಗೈಯಲ್ಲಿ.

"ಬನ್ನಿ ಅಣ್ಣ, ಮೇಲೆ."

ಅವಳ ಮೇಜಿನ ಮೇಲೆ ಚಿತ್ರ ತೆರೆದೇ ಇತ್ತು. ಅವನಿಗೆ ಕುರ್ಚಿ ಎಳೆದು ಪಕ್ಕದಲ್ಲಿ ಹಾಕಿದಳು.

"ಸಾರ್ ಪಾಠದಲ್ಲಿ ಹೇಳ್ತಾರಲ್ಲ, ಅನುಮಾನ ಬಂದ್ರೆ ತೆಗೆದುಹಾಕಿ ನೋಡಿ ಅಂತ. ನಿಜವಾಗಿ ಇದ್ರೆ, ತೆಗೆದ್ರೂ ಬಲೆ ಅದರ ಆಕಾರಕ್ಕೇ ಬರುತ್ತೆ. ನಾನು ಮಾಡೇ ಇರ್ಲಿಲ್ಲ. ಒಂದು ಸಲಾನೂ ಮಾಡ್ಲಿಲ್ಲ. ಯಾಕೆ ಗೊತ್ತಾ? ಅನುಮಾನ ಬರ್ಲಿ ಅಂತ ನಂಗೆ ಇಷ್ಟ ಇರ್ಲಿಲ್ಲ."

ಗುಂಡಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಳು. ಒತ್ತಿದಳು. ಹಳದಿ ಕಡ್ಡಿಗಳು ಮಾಯವಾದವು. ಕಂಪ್ಯೂಟರು ಮೊದಲಿನಿಂದ ಲೆಕ್ಕ ಹಾಕಲು ಶುರುಮಾಡಿತು. ತೆರೆಯ ಮೂಲೆಯಲ್ಲಿ ಅಂಕಿಗಳು ಒಂದೊಂದಾಗಿ ಮೇಲೇರತೊಡಗಿದವು.

"ಒಂಬತ್ತು ತಿಂಗಳು ಅಣ್ಣ" ಅಂದಳು ತೆರೆಯನ್ನೇ ನೋಡುತ್ತ. "ದಿನಾ ಟೀ ಕುಡಿದ್ವಿ."

"ಹೂಂ."

"ನಾನು ನನ್ನ ಕೈಯನ್ನ ಬೈಕೋತಾ ಇದ್ದೆ, ನೀವು ಕೇಳಿಸ್ಕೋತಾ ಇದ್ರಿ."

ಗಾಳಣ್ಣ ತಲೆ ತಗ್ಗಿಸಿದ. ತೊಡೆಯ ಮೇಲೆ ಬಲಗೈ ತನ್ನ ಪಾಡಿಗೆ ತಾನು ಕುಣಿಯುತ್ತಿತ್ತು. ಇನ್ನು ಅದನ್ನು ಜೇಬಿಗೆ ಹಾಕುವ ಅಗತ್ಯವಿರಲಿಲ್ಲ. "ಬೈದುಬಿಡಿ ತಂಗ್ಯಮ್ಮ. ಮನಸ್ಸಿಗೆ ಬಂದ ಹಾಗೆ ಬೈದುಬಿಡಿ" ಅಂದ.

"ಕೋಪ ಆಮೇಲೆ ಬರುತ್ತೆ. ಬಂದೇ ಬರುತ್ತೆ. ಈಗ ಭಯ ಮಾತ್ರ ಆಗ್ತಿದೆ."

ಲೆಕ್ಕ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಕೆಳಗಿನ ಮಹಡಿಯಲ್ಲಿ ಜನ ಬಾಗಿಲು ಹಾಕಿಕೊಂಡು, ಒಬ್ಬರಿಗೊಬ್ಬರು ನಾಳೆ ಸಿಗೋಣ ಅನ್ನುತ್ತ ಮನೆಗೆ ಹೊರಡುವ ಸದ್ದು ಕೇಳಿಸುತ್ತಿತ್ತು. ಅಂಕಿಗಳು ನಿಂತವು. ನೀಲಿ ಬಲೆ ತೆರೆಯ ತುಂಬ ಹೊಸದಾಗಿ ಹರಡಿಕೊಂಡಿತು. ತಂಗ್ಯಮ್ಮ ಗೂಡನ್ನು ಹತ್ತಿರಕ್ಕೆ ಎಳೆದಳು.

ಮೂರು ಸಣ್ಣ ಗುಂಡು ಮುದ್ದೆಗಳು. ಅವುಗಳ ನಡುವೆ ಇದ್ದೂ ಇಲ್ಲದ ಹಾಗೆ ಒಂದು ಎಳೆ ಮಬ್ಬು.

ಅವಳು ಮುಂದಕ್ಕೆ ಬಾಗಿದಳು. ಬಲೆಯನ್ನು ಸ್ವಲ್ಪ ದಪ್ಪ ಮಾಡಿದಳು, ತೆಳ್ಳಗೆ ಮಾಡಿದಳು. "ಇಲ್ಲಿ ನೋಡಿ ಅಣ್ಣ" ಅಂದಳು. ಸ್ವರ ಬದಲಾಗಿತ್ತು. "ಇದು ತಲೆ ಇರ್ಬಹುದು. ಅಲ್ವಾ? ಇಲ್ಲಿಂದ ಹೀಗೆ ಬಂದು... ಬಾಲ ಸ್ವಲ್ಪ ಅಳಿಸಿದೆ, ಅದು ಆಗುತ್ತೆ, ಎಷ್ಟೋ ಸಲ ಹಾಗಾಗುತ್ತೆ. ಆವತ್ತಿನ ಗಡಿಬಿಡೀಲಿ ನೀವು ಮೇಲಿನ ಸಾಲಿನಿಂದಲೇ ತೆಗೆದಿರ್ಬಹುದು. ಸಾರ್ ಹೇಳಿದ್ದೂ ಅದೇ ಅಲ್ವಾ?"

ಗಾಳಣ್ಣ ತೆರೆಯ ಕಡೆ ಬಾಗಿ ನೋಡಿದ.

"ಇಪ್ಪತ್ತೆಂಟು ವರ್ಷದಿಂದ ನೋಡಿದ್ದೀರಿ ಇಂಥ ಚಿತ್ರಗಳನ್ನ. ಇದೆ ಅನ್ನಿ ಅಣ್ಣ. ನೀವು ಇದೆ ಅಂದ್ರೆ ನಾನು ನಂಬ್ತೀನಿ."

ಒಂದೇ ಒಂದು 'ಹೂಂ' ಅಂದರೆ ಸಾಕಾಗಿತ್ತು. ಉಗ್ರಾಣದ ಕುರ್ಚಿ ಕಾಯುತ್ತಿತ್ತು, ಗೋಡೆಯ ಮೇಲಿನ ಪುಟ ಅಲ್ಲೇ ಉಳಿಯುತ್ತಿತ್ತು, ಅವಳೂ ಇವತ್ತು ರಾತ್ರಿ ನಿದ್ದೆ ಮಾಡುತ್ತಿದ್ದಳು. ಲೋಕವೆಲ್ಲ ಸೇರಿ ಅವನ ಸುಳ್ಳನ್ನು ತಲೆಯ ಮೇಲೆ ಹೊತ್ತುಕೊಂಡು ನಿಂತಿತ್ತು, ಇಳಿಸುವುದಕ್ಕೆ ಯಾರೂ ತಯಾರಿರಲಿಲ್ಲ. ಗಾಳಣ್ಣ ಅವಳ ಮುಖ ನೋಡಿದ. ಅಷ್ಟು ಆಸೆಯಿಂದ ಅವನನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

"ನೀರು ಕಣಮ್ಮ" ಅಂದ. "ಮೂರು ಹನಿ ನೀರು."

ತಂಗ್ಯಮ್ಮ, ಇನ್ನೊಂದು ಪಕ್ಕದಿಂದ ನೋಡಿದರೆ ಕಂಡೀತೇನೋ ಎನ್ನುವಂತೆ, ಬೆರಳನ್ನು ಗುಂಡಿಯ ಮೇಲೆ ಒತ್ತಿ ಹಿಡಿದು ಚಿತ್ರವನ್ನು ತಿರುಗಿಸಿದಳು. ಕಿಣ್ವ ನಿಧಾನವಾಗಿ ಹೊರಳಿತು. ಗೂಡು ಹಿಂದಕ್ಕೆ ಹೋಗಿ ಮರೆಯಾಯಿತು, ಇನ್ನೊಂದು ಪಕ್ಕದಿಂದ ಮುಂದೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಅವಳು ಬೆರಳು ತೆಗೆಯಲಿಲ್ಲ.